ಕ್ಷಮೆಯ ಬೆಲೆಯನ್ನು ತೆರುವವರು ಯಾರು?

ಕ್ರೋಧವನ್ನು ಗೆಲ್ಲಬೇಕೆಂಬ ಉಪದೇಶವನ್ನು ಕೇಳದ ಆಸ್ತಿಕರು ನಮ್ಮಲ್ಲಿ ವಿರಳ. ಕಾಮ, ಕ್ರೋಧ, ಲೋಭ ಈ ಮೂರೂ ನರಕದ ಬಾಗಿಲುಗಳೆಂದು ಗೀತೆಯ 16ನೆಯ ಅಧ್ಯಾಯದಲ್ಲಿ ಭಗವಂತನು ಎಚ್ಚರಿಸಿರುವುದು ಸರ್ವವಿದಿತವಾಗಿದೆ. ಆದರೆ ಪರರ ಕ್ರೋಧಕ್ಕೆ ಗುರಿಯಾದವನು ಏನು ಮಾಡಬೇಕು, ಸಹಿಸಿದ್ದೆಲ್ಲವೂ ಕ್ಷಮೆಯೆನಿಸುವುದೇ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ವಿಚಾರಮಾಡುವುದಿಲ್ಲ. ನನಗೆ ಈ ಪ್ರಶ್ನೆಯು ಪಾಠಶಾಲೆಯಲ್ಲಿ ಹೊಳೆಯಲಿಲ್ಲ, ಬಿ.ಎ. ತರಗತಿಯಲ್ಲಿಯೂ ಹೊಳೆಯಲಿಲ್ಲ. ಹೊಟ್ಟೆಪಾಡಿಗಾಗಿ ಸೇರಿದ ರೇಷ್ಮೆ ಸೀರೆಯ ಅಂಗಡಿಯಲ್ಲಿ, ಸುಮಾರು ಇಪ್ಪತ್ತು ವರ್ಷದ ಒಬ್ಬ ಹುಡುಗಿಯ ಬಾಯಿಂದ ಅದನ್ನು ಕೇಳಬೇಕಾಯಿತು.

ನಮ್ಮ ತಂದೆಯವರು ಅರ್ಚಕರು. ನಾನು ಬೆಂಗಳೂರಿನ ಒಂದು ಅಂಗಡಿಯ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವ ಕೆಲಸವನ್ನು ಮಾಡುತ್ತ ಹತ್ತು ವರ್ಷಗಳು ಕಳೆದಿವೆ. ಶ್ರಾವಣಮಾಸದಲ್ಲಿ ವರಮಹಾಲಕ್ಷ್ಮೀ ವ್ರತಕ್ಕೆ ಮುಂಚಿನ ವಾರವೆಂದರೆ ನಮಗೆ ಉಸಿರಾಡಲೂ ಬಿಡುವಿಲ್ಲದ ವಾರ. ಹಿಂದಿನ ವರ್ಷ ಅಂತಹ ಒಂದು ದಿನ ಮಧ್ಯಾಹ್ನ ವಯಸ್ಸಾದ ಮಹನೀಯರೊಬ್ಬರು ಕೈಯಲ್ಲಿ ಚೀಲ ಹಿಡಿದು ಬಂದರು. ಮಗಳ ಸೀಮಂತಕ್ಕೆಂದು ನಮ್ಮಲ್ಲಿ ಕೊಂಡ ಸೀರೆಯ ಕೆಂಪು ಅಂಚು ಮೊದಲನೆಯ ಸಲ ತಣ್ಣೀರಿನಲ್ಲಿ ಅದ್ದಿದೊಡನೆಯೇ ಬಣ್ಣ ಬಿಟ್ಟು, ಕೆನೆಬಣ್ಣದ ಒಡಲನ್ನೆಲ್ಲ ಕೆಡಿಸಿತ್ತು. ಪಿಂಚಣಿಯ ಹಣದಲ್ಲಿ ಕೊಂಡ ಸೀರೆ. ಅವರಿಗೆ ಕೋಪ ಬಂದುದು ಸಹಜವೇ ಆಗಿತ್ತು.

ಆದರೆ ಆ ಕೋಪವು ಎರಗಿದುದು ಸೀರೆಗೆ ಬಣ್ಣ ಹಾಕಿದವನ ಮೇಲಲ್ಲ, ಅಂಗಡಿಯ ಯಜಮಾನರ ಮೇಲೂ ಅಲ್ಲ. ಬಿಲ್ ಕೌಂಟರಿನಲ್ಲಿ ಕುಳಿತಿದ್ದ, ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿಯ ಮೇಲೆ. ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಗೋಡೆಯ ಮೇಲೆ ಬರೆದಿದ್ದ ಫಲಕವನ್ನು ಅವಳು ತೋರಿಸಿದಳು. ಹಾಗೆ ತೋರಿಸಬೇಕೆಂದೇ ಅವಳಿಗೆ ಅಪ್ಪಣೆಯಾಗಿತ್ತು. ಅವರು ಚೀಲವನ್ನು ಅವಳ ಮುಂದೆ ಎಸೆದು, “ಇದು ಕಳ್ಳರ ಸಂತೆ, ನೀನೂ ಒಬ್ಬಳು ಕಳ್ಳಿ” ಎಂದು ಇಡೀ ಅಂಗಡಿಗೆ ಕೇಳುವಂತೆ ಕೂಗಿದರು. ಗಿರಾಕಿಗಳೆಲ್ಲ ತಿರುಗಿ ನೋಡಿದರು.

ನಾನು ಎದ್ದುಹೋದೆ. ಅವರ ಹಣೆಯ ಮೇಲಿದ್ದ ಅಂಗಾರಾಕ್ಷತೆಯನ್ನು ಕಂಡು, ನಮ್ಮವರು ಎಂಬ ಭಾವದಿಂದ ನನ್ನ ಕೈಗಳು ತಾವಾಗಿಯೇ ಜೋಡಿಸಿಕೊಂಡವು. “ರಾಯರೇ, ದಯವಿಟ್ಟು ಕುಳಿತುಕೊಳ್ಳಿ. ಹುಡುಗಿ ಹೊಸಬಳು, ಅವಳಿಗೆ ತಿಳಿಯಲಿಲ್ಲ. ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ” ಎಂದೆ. ಕುಡಿಯಲು ನೀರು ತರಿಸಿಕೊಟ್ಟು, ಯಜಮಾನರ ಕಿವಿಯಲ್ಲಿ ಎರಡು ಮಾತು ಹೇಳಿ, ಬೇರೊಂದು ಸೀರೆಯನ್ನು ಕೊಡಿಸಿದೆ. ಅವರು ಶಾಂತರಾದರು. ಹೋಗುವಾಗ ನನ್ನ ಗೋತ್ರವನ್ನೂ ತಂದೆಯವರ ಹೆಸರನ್ನೂ ಕೇಳಿ ತಿಳಿದುಕೊಂಡು, “ಸಂಸ್ಕಾರ ಎಂದರೆ ಇದು” ಎಂದು ಮೆಚ್ಚಿದರು. ಯಜಮಾನರೂ ಮೆಚ್ಚಿದರು. ಗೀತೆಯನ್ನು ಓದಿದ್ದು ಇಂದಿಗೆ ಸಾರ್ಥಕವಾಯಿತೆಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಆ ಹುಡುಗಿ ಬಂದು ಮೆಲ್ಲನೆ ಕೇಳಿದಳು: “ಅಣ್ಣಾ, ನೀವು ನನ್ನ ಪರವಾಗಿ ಕ್ಷಮೆ ಕೇಳಿದಿರಿ. ನಾನು ಮಾಡಿದ ತಪ್ಪು ಏನು?”

ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಬೆಳಿಗ್ಗೆ ಒಬ್ಬ ಅಮ್ಮ ಬಂದಿದ್ದರು. ಅದೇ ತರದ ಸೀರೆ, ಹೀಗೆಯೇ ಬಣ್ಣ ಬಿಟ್ಟಿತ್ತು. ಆಗುವುದಿಲ್ಲವಂತೆ ಎಂದು ನಾನು ಫಲಕ ತೋರಿಸಿದೆ. ಅವರು ಏನೂ ಅನ್ನದೆ ಹೊರಟುಹೋದರು” ಎಂದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಕ್ಷಮೆಯೆಂದು ಭಾವಿಸಿದ್ದನ್ನು ಒಂದೊಂದಾಗಿ ಬಿಡಿಸಿ ನೋಡಿದೆ.

ಮೊದಲನೆಯದು, ನಾನು ಆಡಿದ ಮಾತು. ಗೀತೆಯ 17ನೆಯ ಅಧ್ಯಾಯದಲ್ಲಿ ವಾಙ್ಮಯ ತಪಸ್ಸನ್ನು ಹೇಳುವಾಗ ಭಗವಂತನು ಮಾತಿಗೆ ನಾಲ್ಕು ಲಕ್ಷಣಗಳನ್ನು ವಿಧಿಸಿದ್ದಾನೆ: ಅದು ಉದ್ವೇಗವನ್ನು ಉಂಟುಮಾಡಬಾರದು, ಸತ್ಯವಾಗಿರಬೇಕು, ಪ್ರಿಯವಾಗಿರಬೇಕು, ಹಿತವಾಗಿರಬೇಕು. ನನ್ನ ಮಾತು ಅವರಿಗೆ ಪ್ರಿಯವಾಗಿತ್ತು, ಅವರ ಉದ್ವೇಗವನ್ನೂ ಶಮನಮಾಡಿತು. ಆದರೆ ಅದು ಸತ್ಯವಾಗಿರಲಿಲ್ಲ. ಹುಡುಗಿಗೆ ತಿಳಿಯಲಿಲ್ಲ ಎಂದೆ. ಅವಳಿಗೆ ಎಲ್ಲವೂ ತಿಳಿದಿತ್ತು. ಅವಳು ನಿಯಮವನ್ನು ಪಾಲಿಸಿದ್ದಳು, ತಪ್ಪು ಮಾಡಿರಲಿಲ್ಲ. ಒಬ್ಬರ ಉದ್ವೇಗವನ್ನು ಕಳೆಯುವುದಕ್ಕಾಗಿ ಇನ್ನೊಬ್ಬರ ಎದೆಯಲ್ಲಿ ಉದ್ವೇಗವನ್ನು ಇಟ್ಟ ಮಾತು ತಪಸ್ಸು ಹೇಗಾದೀತು?

ಎರಡನೆಯದು, ನ್ಯಾಯ. ಎರಡು ಸೀರೆಗಳೂ ಒಂದೇ ಕಂತಿನಲ್ಲಿ ಬಂದವು. ಹೆಚ್ಚಿನ ಬಣ್ಣವನ್ನು ಸರಿಯಾಗಿ ತೊಳೆದು ತೆಗೆಯದಿದ್ದ ದೋಷವೂ ಒಂದೇ. ಕೂಗಿದವರಿಗೆ ಹೊಸ ಸೀರೆ ದೊರೆಯಿತು, ಮೆಲ್ಲನೆ ಕೇಳಿದವರಿಗೆ ಫಲಕ ದೊರೆಯಿತು. ಹೀಗೆ ನಡೆಯುವ ಅಂಗಡಿಯು ಜನರಿಗೆ ಕೂಗುವುದನ್ನು ತಾನೇ ಕಲಿಸುತ್ತದೆ. ಕ್ರೋಧವು ಫಲಿಸುವುದೆಂದು ಒಮ್ಮೆ ಕಂಡವನು ಮತ್ತೊಂದು ಅಂಗಡಿಯಲ್ಲಿ ಮೊದಲಿಗೇ ಕೂಗುತ್ತಾನೆ. ಅವರ ಕೋಪವನ್ನು ಶಾಂತಗೊಳಿಸಿದೆನೆಂದು ನಾನು ತಿಳಿದಿದ್ದೆ. ನಿಜವಾಗಿ ಅದಕ್ಕೆ ಬಹುಮಾನವನ್ನು ಕೊಟ್ಟಿದ್ದೆ.

ಆ ಫಲಕಕ್ಕಂತೂ ಕಾನೂನಿನ ಆಧಾರವೇ ಇರಲಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆಯು 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರವೆಂದು ಅದು ಹೇಳುತ್ತದೆ. ಎಂದಮೇಲೆ ಆ ಮಹನೀಯರಿಗೆ ನಾನು ಮಾಡಿದುದು ಉಪಕಾರವೇನಲ್ಲ, ಅವರ ಹಕ್ಕನ್ನೇ ಅವರಿಗೆ ಕೊಟ್ಟದ್ದು. ಆ ತಾಯಿಗೂ ಅದೇ ಹಕ್ಕು ಇತ್ತು.

ಮೂರನೆಯದೇ ಮುಖ್ಯವಾದುದು. ಅವರು ಬೈದುದು ನನ್ನನ್ನಲ್ಲ. ಕಳ್ಳಿಯೆನಿಸಿಕೊಂಡವಳು ಅವಳು, ನಾಲ್ಕು ಜನರ ಮುಂದೆ ತಲೆತಗ್ಗಿಸಿದವಳು ಅವಳು. ಉದಾರವಾಗಿ ಕ್ಷಮಿಸಿದವನು ನಾನು! ಮೆಚ್ಚುಗೆಯನ್ನು ಪಡೆದವನೂ ನಾನೇ. ಮರುದಿನ ಈ ಸಂಗತಿಯನ್ನು ತಂದೆಯವರಲ್ಲಿ ಅರಿಕೆಮಾಡಿಕೊಂಡಾಗ, ಅವರು ದೇವರ ಪೂಜೆಗೆ ತುಲಸಿಯನ್ನು ಬಿಡಿಸುತ್ತಲೇ ಹೇಳಿದರು: “ಪಕ್ಕದ ಮನೆಯ ಹಿತ್ತಲಿನ ಹೂವನ್ನು ಕೇಳದೆ ಕೊಯ್ದು ತಂದು ದೇವರಿಗೆ ಏರಿಸಿದ ಹಾಗಾಯಿತು ಕಣಪ್ಪ. ಹೂವು ಚೆನ್ನಾಗಿಯೇ ಇದೆ. ಆದರೆ ಅದು ನಿನ್ನದಲ್ಲ.”

ಪೂಜ್ಯರ ಪ್ರವಚನಗಳಲ್ಲಿ ನಾವೆಲ್ಲ ಕೇಳಿರುವ ಭೃಗುಮಹರ್ಷಿಗಳ ಕಥೆಯು ಆಗ ನನಗೆ ಬೇರೊಂದು ಬೆಳಕಿನಲ್ಲಿ ಕಾಣಿಸಿತು. ಸರ್ವೋತ್ತಮನು ಯಾರೆಂದು ಪರೀಕ್ಷಿಸಲು ಬಂದ ಋಷಿಯು ಶ್ರೀಹರಿಯ ವಕ್ಷಸ್ಥಳವನ್ನು ಒದೆದನು. ಶ್ರೀಹರಿಯು ಕೋಪಿಸಿಕೊಳ್ಳದೆ ಆ ಪಾದವನ್ನೇ ಉಪಚರಿಸಿದನು. ನಾವು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ಅಂಗಡಿಯವನಿಗೂ ಆಳಿಗೂ ಹೀಗೆಯೇ ಇರಬೇಕೆಂದು ಬೋಧಿಸುತ್ತೇವೆ. ಆದರೆ ವೆಂಕಟಾಚಲ ಮಾಹಾತ್ಮ್ಯದಲ್ಲಿ ಕಥೆಯು ಅಲ್ಲಿಗೆ ನಿಲ್ಲುವುದಿಲ್ಲ. ತನ್ನ ನೆಲೆಯಾದ ವಕ್ಷಸ್ಥಳಕ್ಕೆ ಅಪಮಾನವಾಯಿತೆಂದು ಮಹಾಲಕ್ಷ್ಮಿಯು ಕೊಲ್ಹಾಪುರಕ್ಕೆ ತೆರಳಿದಳು. ‘ನಾನು ಕ್ಷಮಿಸಿದ ಮೇಲೆ ನಿನ್ನದೇನು?’ ಎಂದು ಸ್ವಾಮಿಯು ಅವಳನ್ನು ಕೇಳಲಿಲ್ಲ. ವೈಕುಂಠವನ್ನೇ ಬಿಟ್ಟು ಭೂಮಿಗೆ ಇಳಿದುಬಂದನು. ದೇವಿಯು ನಿತ್ಯಾವಿಯೋಗಿನಿ, ಅವರಿಗೆ ಅಗಲಿಕೆಯೆಂಬುದಿಲ್ಲ, ಇದೆಲ್ಲವೂ ಲೋಕಶಿಕ್ಷಣಕ್ಕಾಗಿ ನಡೆದ ಲೀಲೆಯೆಂಬುದನ್ನು ವಾಚಕರು ಬಲ್ಲರು. ಹಾಗಾದರೆ ಆ ಶಿಕ್ಷಣವೇನು? ನನಗೆ ತೋರಿದ ಮಟ್ಟಿಗೆ ಇಷ್ಟು: ನಮಗಾದ ನೋವನ್ನು ನಾವು ಕ್ಷಮಿಸಬಹುದು, ನಮ್ಮ ಆಶ್ರಯದಲ್ಲಿರುವವರಿಗಾದ ನೋವನ್ನು ಅವರ ಪರವಾಗಿ ಕ್ಷಮಿಸಿಬಿಡುವ ಅಧಿಕಾರ ನಮಗಿಲ್ಲ.

ಮಹಾಭಾರತದ ವನಪರ್ವದಲ್ಲಿ ದ್ರೌಪದೀದೇವಿಯು ಧರ್ಮರಾಜನಿಗೆ ಪ್ರಹ್ಲಾದ–ಬಲಿ ಸಂವಾದವನ್ನು ಹೇಳುವ ಸಂದರ್ಭವನ್ನೂ ಇಲ್ಲಿ ಸ್ಮರಿಸಬಹುದು. ಸದಾ ತೇಜಸ್ಸೂ ಶ್ರೇಯಸ್ಕರವಲ್ಲ, ಸದಾ ಕ್ಷಮೆಯೂ ಶ್ರೇಯಸ್ಕರವಲ್ಲವೆಂದು ಪ್ರಹ್ಲಾದರಾಜರು ಮೊಮ್ಮಗನಿಗೆ ಉಪದೇಶಿಸುತ್ತಾರೆ. ಅರಿಯದೆ ತಪ್ಪಿದವನನ್ನು ಕ್ಷಮಿಸಬೇಕು, ಹಿಂದೆ ಉಪಕಾರ ಮಾಡಿದವನನ್ನು ಕ್ಷಮಿಸಬೇಕು, ಕಾಲದೇಶಗಳನ್ನು ವಿವೇಚಿಸಬೇಕು. ಧರ್ಮರಾಜನಾದರೋ ಕ್ಷಮೆಯನ್ನೇ ಕೊಂಡಾಡಿ ಉತ್ತರಕೊಡುತ್ತಾನೆ. ಆದರೆ ಸಭೆಯಲ್ಲಿ ಅಪಮಾನಿತಳಾದವಳು ದ್ರೌಪದಿ. ಪ್ರಶ್ನೆಯು ಅವಳ ಬಾಯಿಂದ ಬಂದಿರುವುದು ಆಕಸ್ಮಿಕವಲ್ಲ.

ಹಾಗೆಂದು ಕೋಪಕ್ಕೆ ಕೋಪವೇ ಮದ್ದೆಂದು ನಾನು ಹೇಳುತ್ತಿಲ್ಲ. ಅಂದು ನಾನು ಧ್ವನಿಯೇರಿಸಿದ್ದರೆ ಮೂವರೂ ಕೆಡುತ್ತಿದ್ದೆವು. ನೀರು ಕೊಟ್ಟುದು ಸರಿ, ಕೈಮುಗಿದುದೂ ಸರಿ. ಅದೇ ಮೃದುವಾದ ಧ್ವನಿಯಲ್ಲಿಯೇ, “ರಾಯರೇ, ಸೀರೆಯ ದೋಷ ನಮ್ಮದು, ಅದನ್ನು ಸರಿಪಡಿಸುತ್ತೇವೆ. ಈ ಮಗುವಿನದು ತಪ್ಪಿಲ್ಲ, ಅವಳನ್ನು ಹಾಗೆ ಅನ್ನಬೇಡಿ” ಎಂದು ಹೇಳಬಹುದಾಗಿತ್ತು. ಆ ಎರಡನೆಯ ವಾಕ್ಯವನ್ನು ನಾನು ಹೇಳದೆಹೋದುದು ಶಾಂತಿಯಿಂದಲ್ಲ, ಭಯದಿಂದ. ಮೆಚ್ಚುಗೆ ತಪ್ಪೀತೆಂಬ ಭಯ. ನಮ್ಮವರ ಮನಸ್ಸು ನೊಂದೀತೆಂಬ ದಾಕ್ಷಿಣ್ಯ. ಆ ಹುಡುಗಿಯೂ ನಮ್ಮವಳೇ ಎಂಬುದು ಆಗ ನೆನಪಾಗಲಿಲ್ಲ.

ಮರುದಿನ ಎಲ್ಲ ಕೆಲಸಗಾರರ ಮುಂದೆ ಅವಳಲ್ಲಿ ಕ್ಷಮೆ ಕೇಳಿದೆ. ಅವಳು, “ನೀವು ಕೇಳಿದಿರಿ ಅಣ್ಣಾ, ಆದರೆ ಅವರು ಕೇಳಲಿಲ್ಲವಲ್ಲ” ಎಂದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಯಜಮಾನರು ಮೊದಲು ಗೊಣಗಿದರೂ ಹಬ್ಬ ಕಳೆದ ಮೇಲೆ ಫಲಕವನ್ನು ತೆಗೆಸಿದರು. ದೋಷವಿದ್ದರೆ ಬದಲಾಯಿಸಿಕೊಡುವ ಅವಧಿಯನ್ನು ಈಗ ಬಿಲ್ಲಿನ ಮೇಲೆಯೇ ಅಚ್ಚುಹಾಕಿಸುತ್ತೇವೆ. ಬಿಲ್ಲಿನಲ್ಲಿದ್ದ ದೂರವಾಣಿ ಸಂಖ್ಯೆಯಿಂದ ಆ ತಾಯಿಯನ್ನೂ ಕರೆಸಿ ಬೇರೆ ಸೀರೆ ಕೊಟ್ಟೆವು. ಅವರು ನಕ್ಕು, “ನಾನೂ ಅಂದು ಕೂಗಾಡಬೇಕಾಗಿತ್ತು ಅನ್ನಿ” ಎಂದರು. ತಮಾಷೆಗೆ ಆಡಿದ ಆ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ಚುಚ್ಚುತ್ತಿದೆ.

ಹಬ್ಬಗಳ ದಿನಗಳಲ್ಲಿ ನಾವೆಲ್ಲರೂ ಅಂಗಡಿಗೆ ಹೋಗುವವರೇ. ಮಾಲು ಕೆಟ್ಟಿದ್ದರೆ ಅವಶ್ಯವಾಗಿ ಕೇಳೋಣ. ಬಿಲ್ಲನ್ನು ಜೋಪಾನವಾಗಿಟ್ಟು, ಯಜಮಾನರನ್ನೇ ಕರೆಸಿ ಕೇಳೋಣ. ಅವರು ಒಪ್ಪದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. ಆದರೆ ಕೌಂಟರಿನ ಹಿಂದೆ ನಿಂತಿರುವ ಹುಡುಗನೋ ಹುಡುಗಿಯೋ ನಮಗೆ ಎದುರುತ್ತರ ಕೊಡಲಾರದ ಸ್ಥಿತಿಯಲ್ಲಿದ್ದಾರೆಂಬುದನ್ನು ಮರೆಯದಿರೋಣ. ಎದುರುತ್ತರ ಕೊಡಲಾರದವರ ಮೇಲೆ ತೀರಿಸಿಕೊಂಡ ಕೋಪವು, ಅದರ ಕಾರಣವು ಎಷ್ಟೇ ನ್ಯಾಯವಾಗಿರಲಿ, ಅನ್ಯಾಯವೇ ಸರಿ.

ಅಂಗಡಿಯಲ್ಲಿ ದುಡಿಯುವ ನನ್ನಂತಹವರಿಗೆ ಹೇಳಬೇಕಾದುದು ಇನ್ನೊಂದು ಉಂಟು. ಸಹನೆಯಿಂದ ಇರೋಣ, ಆದರೆ ಆ ಸಹನೆಯ ಬೆಲೆಯನ್ನು ತೆರುತ್ತಿರುವವರು ನಾವೋ, ನಮ್ಮ ಪಕ್ಕದಲ್ಲಿ ತಲೆತಗ್ಗಿಸಿ ನಿಂತಿರುವವರೋ ಎಂದು ಒಮ್ಮೆ ತಿರುಗಿ ನೋಡೋಣ. ಸ್ವಂತ ಹಿತ್ತಲಿನ ಹೂವನ್ನೇ ಶ್ರೀಹರಿಗೆ ಸಮರ್ಪಿಸುವ ಬುದ್ಧಿಯನ್ನು ಆತನೇ ನಮಗೆ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.