ಮೂರನೆಯ ಸಲ

ಒಂದು ಕೆಲಸವನ್ನು ಮಾಡುವ ಶಕ್ತಿ ನಮಗೆ ಬಂದಿದೆ ಎಂದ ಮಾತ್ರಕ್ಕೆ ಅದನ್ನು ಮಾಡುವ ಹಕ್ಕೂ ಬಂದುಬಿಡುತ್ತದೆಯೇ? ಈ ಪ್ರಶ್ನೆಯನ್ನು ನಾನು ಯಾವ ದೊಡ್ಡ ಗ್ರಂಥದಿಂದಲೂ ಎತ್ತಿಕೊಂಡಿಲ್ಲ. ನನ್ನ ತವರಿನ ಹಳೆಯ ಜೀಪಿಗೆ ಹೊಸದಾಗಿ ಹಾಕಿಸಿದ ನಾಲ್ಕು ಟೈರುಗಳು ನನ್ನ ಮುಂದೆ ಇಟ್ಟ ಪ್ರಶ್ನೆ ಇದು. ನಗಬೇಡಿ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿಕೊಂಡು ಬಂದವಳಿಗೆ ಪಾಠ ಹೇಳಲು ಕೆಲವೊಮ್ಮೆ ಟೈರೇ ಬೇಕಾಗುತ್ತದೆ.

ನನ್ನ ತವರು ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಕಾಫಿ ತೋಟ. ಕೆಳಗೆ ಡಾಂಬರು ರಸ್ತೆ, ನಡುವೆ ಮನೆ, ಗುಡ್ಡದ ನೆತ್ತಿಯ ಹತ್ತಿರ ಕೆಲಸಗಾರರ ಲೈನ್ ಮನೆಗಳು. ಡಾಂಬರು ರಸ್ತೆಯಿಂದ ಲೈನ್ ಮನೆಯವರೆಗೆ ಇರುವುದು ಒಂದೇ ಮಣ್ಣಿನ ದಾರಿ. ಅದರಲ್ಲಿ ಮನೆಯಿಂದ ಮೇಲಿನ ಭಾಗ ಕಡಿದಾದ ಏರು. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಪಾಯಸ. ನಾನು ಕೆಲಸ ಮಾಡುವ ಶಾಲೆ ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದೂರ. ಲೈನ್ ಮನೆಯ ಮಕ್ಕಳು ಬೆಳಿಗ್ಗೆ ಆ ಏರನ್ನು ಇಳಿದು, ಮನೆ ದಾಟಿ, ರಸ್ತೆಗೆ ಬಂದು ಬಸ್ಸು ಹಿಡಿದು ನನ್ನ ಶಾಲೆಗೇ ಬರುತ್ತಾರೆ.

2019ರ ಆಗಸ್ಟ್ ತಿಂಗಳ ಮಳೆಯನ್ನು ಆ ಕಡೆಯವರು ಯಾರೂ ಮರೆತಿಲ್ಲ. ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದು, ತೋಟಗಳೇ ಜಾರಿಹೋದ ವರ್ಷ ಅದು. ಆಗ ಲೈನ್ ಮನೆಯ ಒಬ್ಬ ತುಂಬು ಬಸುರಿಗೆ ರಾತ್ರಿ ನೋವು ಕಾಣಿಸಿಕೊಂಡಿತು. ನನ್ನ ತಮ್ಮ ಜೀಪು ತೆಗೆದುಕೊಂಡು ಹೊರಟ. ಅರ್ಧ ಏರು ಹತ್ತುವಷ್ಟರಲ್ಲಿ ಸವೆದ ಟೈರುಗಳು ನಿಂತಲ್ಲೇ ತಿರುಗಿ, ಜೀಪು ಹಿಂದಕ್ಕೆ ಜಾರಿ ದರೆಗೆ ಒರಗಿತು. ಕೊನೆಗೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಆ ಜಾರಿಕೆಯಲ್ಲಿ ಹೊತ್ತು ಕೆಳಗೆ ತಂದರು. ತಾಯಿ ಮಗು ಇಬ್ಬರೂ ಉಳಿದದ್ದು ದೇವರ ದಯೆ. ಅಂದಿನಿಂದ ತಮ್ಮನ ಮಗನಿಗೆ ಒಂದೇ ಹಟ: ಜೀಪಿಗೆ ಕೆಸರಿನ ಟೈರು ಹಾಕಿಸಬೇಕು.

ಕೆಲವು ವರ್ಷ ಕಾಫಿಯ ದರ ಅವನ ಹಟಕ್ಕೆ ಅಡ್ಡ ಬಂತು. ಮೊನ್ನಿನ ಮಳೆಗಾಲಕ್ಕೆ ಅಂತೂ ನಾಲ್ಕು ಟೈರು ಬಂದವು. ಬೆಲೆ ಕೇಳಿ ನಾನು ಬಾಯಿ ಮುಚ್ಚಿಕೊಂಡೆ. ನನ್ನ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರಕ್ಕೆ ಬಂದಿತ್ತು.

ಪುಷ್ಯ ಮಳೆ ಹಿಡಿದಿದ್ದ ಒಂದು ಭಾನುವಾರ. ತವರಿಗೆ ಹೋಗಿದ್ದೆ. ಕಳಲೆ ಪಲ್ಯ, ಅಕ್ಕಿ ರೊಟ್ಟಿ ಆಗಿ, ಕಾಫಿ ಕುಡಿಯುತ್ತ ಜಗುಲಿಯಲ್ಲಿ ಕುಳಿತಿದ್ದಾಗ ಹುಡುಗ ಬಂದು, "ಅತ್ತೆ, ಬನ್ನಿ, ಟೈರು ಹೇಗಿದೆ ನೋಡೋಣ" ಎಂದ.

"ನನಗೇನು ತಿಳಿಯುತ್ತೆ ಮಾರಾಯ, ಟೈರು ದುಂಡಗಿದ್ದರೆ ಸರಿ" ಎಂದೆ.

ಅವನು ಬಿಡಲಿಲ್ಲ. ಜೀಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನನಗೆ ಪಾಠ ಮಾಡಿದ. ಸಾಧಾರಣ ಟೈರಿನ ಗೀರುಗಳಲ್ಲಿ ಕೆಸರು ಮೆತ್ತಿಕೊಂಡರೆ ಅದು ಬೋಳು ಟೈರಿಗೆ ಸಮ. ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಈ ಟೈರಿಗೆ ಎದ್ದುನಿಂತ ದಪ್ಪ ಹಲ್ಲುಗಳು, ಹಲ್ಲುಗಳ ನಡುವೆ ಅಗಲವಾದ ಸಂದು. ಗಾಲಿ ತಿರುಗುವ ರಭಸಕ್ಕೆ ಸಂದಿನ ಕೆಸರು ಸಿಡಿದು ಹೊರಗೆ ಹೋಗುತ್ತದೆ, ಹಲ್ಲು ಮತ್ತೆ ಹೊಸದಾಗಿ ನೆಲ ಕಚ್ಚುತ್ತದೆ. ಕೊರಕಲಿನ ಗೋಡೆಯನ್ನೂ ಹಿಡಿಯಲೆಂದು ಮಗ್ಗುಲಿನಲ್ಲೂ ಹಲ್ಲು. ಗಾಳಿ ಸ್ವಲ್ಪ ಇಳಿಸಿದರೆ ಟೈರು ಚಪ್ಪಟೆಯಾಗಿ ಇನ್ನಷ್ಟು ನೆಲ ಮುಟ್ಟುತ್ತದೆ. ಡಾಂಬರಿನ ಮೇಲೆ ಮಾತ್ರ ಇದು ಗುಂಯ್ ಎಂದು ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ಎಲ್ಲವನ್ನೂ ಹೇಳಿ, "ಇದು ನೆಲ ತಿಂದುಕೊಂಡು ಹೋಗೋ ಟೈರು ಅತ್ತೆ" ಎಂದು ಹೆಮ್ಮೆಯಿಂದ ತಟ್ಟಿದ. ಆ ಮಾತಿನ ಅರ್ಥ ಆಗ ನನಗೆ ಪೂರ್ತಿ ಹೊಳೆಯಲಿಲ್ಲ.

ಹೊರಟೆವು. ಫೋರ್ ವೀಲ್ ಹಾಕಿ, ಚಿಕ್ಕ ಗೇರಿನಲ್ಲಿ, ಏರಿನ ಬುಡಕ್ಕೆ ಬಂದೆವು. ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡೆ. ಜೀಪು ಒಮ್ಮೆ ಹಿಂಭಾಗ ಕುಣಿಸಿತು, ಗುರುಗುಟ್ಟಿತು, ಆಮೇಲೆ ಯಾರೋ ಮೇಲಿನಿಂದ ಹಗ್ಗ ಹಾಕಿ ಎಳೆದಂತೆ ಹತ್ತಿತು. ಕುರ್ಚಿ ಹೊತ್ತವರು ಉಸಿರು ಬಿಗಿಹಿಡಿದು ಇಳಿದಿದ್ದ ತಿರುವನ್ನು ಎರಡು ನಿಮಿಷದಲ್ಲಿ ದಾಟಿದೆವು. ನನ್ನ ಕಣ್ಣಲ್ಲಿ ನೀರು ಬಂತು. ಇನ್ನು ಮೇಲೆ ಯಾವ ಬಸುರಿಯೂ ಕುರ್ಚಿಯಲ್ಲಿ ಇಳಿಯಬೇಕಿಲ್ಲ ಎನ್ನಿಸಿತು.

ಕೆಳಗೆ ಬಂದು ಹುಡುಗ ಎರಡನೆಯ ಸಲ ಹತ್ತಿಸಿದ. ಈ ಸಲ ದಾರಿಯ ನಡುವಿನ ಕೊರಕಲನ್ನು ಬಿಟ್ಟು, ಅಂಚಿನ ಗಟ್ಟಿ ನೆಲದ ಮೇಲೆ ಒಂದು ಗಾಲಿ ಇಟ್ಟು ನೋಡಿದ. ಅದೂ ಆಯಿತು. ಕೆಸರು ಸಿಡಿದು ನನ್ನ ಸೀರೆಯೆಲ್ಲ ಚಿತ್ತಾರ. ಎಷ್ಟೋ ವರ್ಷದಿಂದ ನಾನು ಅಷ್ಟು ನಕ್ಕಿರಲಿಲ್ಲ. ಅವನು ಮನೆಯ ಕಡೆಗೆ ತಿರುಗಿಸುತ್ತಿದ್ದ. "ಇನ್ನೊಂದು ಸಲ ಹತ್ತಿಸೋ ಮಾರಾಯ" ಎಂದವಳು ನಾನು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಐವತ್ತು ದಾಟಿದವಳು, ಬಿ.ಎ., ಬಿ.ಎಡ್. ಆದವಳು, ನಾನೇ ಹೇಳಿದ್ದು. ಮೂರನೆಯ ಸಲ ಅಂಚಿನಲ್ಲೇ ಇನ್ನೂ ಜೋರಾಗಿ ಹತ್ತಿದೆವು.

ಮಾರನೆಯ ದಿನ ಹಾಜರಿ ಕರೆಯುವಾಗ ಆರನೆಯ ತರಗತಿಯಲ್ಲಿ ಒಂದು ಹೆಸರಿಗೆ ಉತ್ತರ ಬರಲಿಲ್ಲ. ಲೈನ್ ಮನೆಯ ಹುಡುಗಿ. ಮಳೆಗೆ ಜ್ವರ ಬಂದಿರಬೇಕು ಎಂದುಕೊಂಡು ಗುರುತು ಹಾಕಿದೆ. ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ. ಬುಧವಾರ ಸಂಜೆ ತಮ್ಮನ ಮನೆಗೆ ಹೋಗಬೇಕಾದ ಕೆಲಸವಿತ್ತು. ಹಾಗೆಯೇ ಕೊಡೆ ಹಿಡಿದು ಏರು ಹತ್ತಿದೆ.

ಜೀಪಿನಲ್ಲಿ ಎರಡು ನಿಮಿಷ ಹಿಡಿದ ದಾರಿಗೆ ನನಗೆ ಅರ್ಧ ಗಂಟೆ ಹಿಡಿಯಿತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಜೀಪಿನ ಮೇಲೆ ಕುಳಿತಾಗ ಕಾಣದ ಒಂದು ಸಂಗತಿ. ದಾರಿಯ ಅಂಚಿನಲ್ಲಿ ಲೈನ್ ಮನೆಯವರು ತಮ್ಮ ಕಾಲಿಗೆಂದು ಚಪ್ಪಡಿ ಚೂರು, ಜಂಬಿಟ್ಟಿಗೆ ತುಂಡುಗಳನ್ನು ಹೆಜ್ಜೆಗೊಂದರಂತೆ ಹೂತು ಮೆಟ್ಟಿಲು ಮಾಡಿಕೊಂಡಿದ್ದರು. ಆ ಅಂಚು ಗಟ್ಟಿಯಾಗಿದ್ದದ್ದೇ ಅದರಿಂದ. ನಮ್ಮ ಗಾಲಿ ಹುಡುಕಿಕೊಂಡು ಹೋಗಿ ಹಿಡಿದದ್ದೂ ಅದನ್ನೇ. ಕಲ್ಲುಗಳು ಕಿತ್ತು ಕೆಳಗೆ ಉರುಳಿದ್ದವು. ಹಲ್ಲುಗಳು ಉತ್ತ ಜಾಗದಲ್ಲಿ ಮೊಣಕಾಲುದ್ದ ಸಾಲು ಬಿದ್ದಿತ್ತು. ಮೊದಲು ಅಡ್ಡ ಹರಿದು ಚರಂಡಿಗೆ ಸೇರುತ್ತಿದ್ದ ಮಳೆನೀರು ಈಗ ಆ ಸಾಲನ್ನೇ ಹಿಡಿದು ನೇರ ಕೆಳಗೆ ಧುಮುಕುತ್ತ ಅದನ್ನು ಇನ್ನೂ ಆಳ ಮಾಡುತ್ತಿತ್ತು. ನಾವು ಮೂರು ಸಲ ಮಾಡಿದ್ದನ್ನು ಮಳೆ ಮೂರು ದಿನ ಮುಂದುವರಿಸಿತ್ತು.

ಹುಡುಗಿ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಸೋಮವಾರ ಬೆಳಿಗ್ಗೆ ಜಾರಿ ಬಿದ್ದು ಪಾದದ ಗಂಟು ಊದಿಕೊಂಡಿತ್ತು. ಒಣಗಿಸಲು ಕಟ್ಟಿದ್ದ ಸಮವಸ್ತ್ರದ ಲಂಗದ ಮೇಲೆ ಕೆಂಪು ಕಲೆ ಹೋಗಿರಲಿಲ್ಲ. ನನ್ನನ್ನು ಕಂಡು ಎದ್ದು ನಿಲ್ಲಲು ಹೋದಳು. ಅವಳ ತಾಯಿ ಮಣೆ ಹಾಕಿ, "ದಾರಿ ಕೆಟ್ಟುಹೋಗಿದೆ ಟೀಚರಮ್ಮ. ಈ ಸಲದ ಮಳೆ ಹಾಗಿದೆ ನೋಡಿ" ಎಂದಳು.

ನನ್ನ ಪರೀಕ್ಷೆ ನಿಜವಾಗಿ ಶುರುವಾದದ್ದು ಆ ಕ್ಷಣದಲ್ಲಿ. ಮಳೆ ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳಲು ಸಿದ್ಧವಾಗಿ ನಿಂತಿತ್ತು. ನಾನು "ಹೌದಮ್ಮ, ಭಾರೀ ಮಳೆ" ಎಂದು ತಲೆಯಾಡಿಸಿ, ಕಾಫಿ ಕುಡಿದು, ಹುಡುಗಿಯ ಕೈಗೆ ಹತ್ತು ರೂಪಾಯಿ ಇಟ್ಟು ಎದ್ದು ಬರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಅರ್ಧ ನಿಜ ಎಷ್ಟು ಮೆತ್ತನೆಯ ಹಾಸಿಗೆ ಎಂಬುದು ಅಂದು ತಿಳಿಯಿತು.

ನನ್ನ ಮನಸ್ಸು ಬೇಗ ಬೇಗ ಸಮಾಧಾನಗಳನ್ನೂ ಹುಡುಕಿತು. ದಾರಿ ತಮ್ಮನ ತೋಟದ ಸರ್ವೆ ನಂಬರಿನಲ್ಲೇ ಇದೆಯಲ್ಲ? ಟೈರು ತಂದದ್ದೇ ಇವರ ಕಷ್ಟಕ್ಕಲ್ಲವೇ? ನಮ್ಮ ಮನಸ್ಸಿನಲ್ಲಿ ಕೆಡುಕು ಇರಲಿಲ್ಲವಲ್ಲ? ಮೂರೂ ನಿಜ. ನಡೆದು ನಡೆದು ದಾರಿಗೆ ಹಕ್ಕು ಹುಟ್ಟುತ್ತದೆ ಎಂಬುದನ್ನು ಕಾನೂನೂ ಒಪ್ಪುತ್ತದೆ. 1882ರ ಈಸ್‌ಮೆಂಟ್ ಕಾಯಿದೆಯಲ್ಲಿ ಇಪ್ಪತ್ತು ವರ್ಷದ ಲೆಕ್ಕವಿದೆ. ಆದರೆ ತೋಟದ ಮನೆಯಲ್ಲೇ ವಾಸವಿದ್ದು, ತೋಟದ ಕೂಲಿಯಲ್ಲೇ ಬದುಕುವವರು ಆ ಮಾತು ಎತ್ತಿಯಾರೆ? ಕೇಳಲಾರದವರ ಹಕ್ಕನ್ನು ನಾವೇ ನೆನಪಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಉದ್ದೇಶದ ಮಾತು ಇನ್ನೂ ಕಷ್ಟದ್ದು. ಟೈರನ್ನು ಪರೀಕ್ಷಿಸಿ ನೋಡಲೇಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಆಪತ್ತಿನ ರಾತ್ರಿಯಲ್ಲಿ ಮೊದಲ ಬಾರಿಗೆ ಪ್ರಯೋಗ ಮಾಡುವುದು ಜಾಣತನವಲ್ಲ. ಆದ್ದರಿಂದ ಮೊದಲ ಸಲ ಹತ್ತಿದ್ದು ಬಸುರಿಯ ಲೆಕ್ಕಕ್ಕೆ. ಎರಡನೆಯದನ್ನು ಹುಡುಗನ ಕಲಿಕೆಯ ಲೆಕ್ಕಕ್ಕೆ ಹಾಕೋಣ. ಮೂರನೆಯದು ಮಾತ್ರ ನನ್ನ ಲೆಕ್ಕ. ಅಲ್ಲಿ ಅಗತ್ಯ ಮುಗಿದಿತ್ತು, ಸಂತೋಷ ಉಳಿದಿತ್ತು. ಸಂತೋಷ ಪಡುವುದೇ ತಪ್ಪೆಂದು ನಾನು ಹೇಳಲಾರೆ. ಆದರೆ ಮೊದಲ ಸಲದ ಪುಣ್ಯದ ನೆರಳಿನಲ್ಲಿ ಮೂರನೆಯ ಸಲವೂ ಹಾಯಾಗಿ ದಾಟಿಹೋಯಿತಲ್ಲ, ಅದು ನನ್ನನ್ನು ಚುಚ್ಚಿತು. ಒಳ್ಳೆಯ ಕಾರಣವೊಂದು ಕೈಯಲ್ಲಿದ್ದಾಗ ನಾವು ಅದು ಎಲ್ಲಿ ಮುಗಿಯಿತೆಂದು ನೋಡುವುದೇ ಇಲ್ಲ.

ನಮ್ಮ ಮನೆಗಳಲ್ಲೂ ಇದು ನಡೆಯುವುದೇ. ಹಬ್ಬಕ್ಕೆ ನೆಂಟರು ಬರುತ್ತಾರೆ, ಅಡಿಗೆ ಬೇಕು, ಸರಿ. ಹೋಳಿಗೆ ಸಾಲದೆಂದು ಇನ್ನೆರಡು ಸಿಹಿ, ಅದಕ್ಕೆ ಇನ್ನಷ್ಟು ಪಾತ್ರೆ. "ಅತಿಥಿ ಸತ್ಕಾರ" ಎಂದು ನಾವು ಸಂಭ್ರಮಿಸುತ್ತೇವೆ. ಹಿತ್ತಲಲ್ಲಿ ರಾತ್ರಿ ಹತ್ತು ಗಂಟೆಗೆ ಆ ಪಾತ್ರೆಗಳ ಮುಂದೆ ಕೂತವಳ ಸೊಂಟಕ್ಕೆ ಆ ಎರಡು ಸಿಹಿಯ ಲೆಕ್ಕ ಗೊತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾನು ಎಷ್ಟೋ ಸಲ ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಕೊಟ್ಟಿದ್ದೇನೆ. ಬೆಕ್ಕಿಗೆ ತಾನು ಬೆಕ್ಕೆಂದು ತಿಳಿದೇ ಇರುವುದಿಲ್ಲ ಎಂಬುದನ್ನು ಮಾತ್ರ ಯಾವ ಮಗುವಿಗೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಪಾಠವೂ ನೆನಪಾಯಿತು. ಗಾಳಿ ತುಂಬಿದ ಟೈರಿನ ಕತೆಯನ್ನು ನಾನು ತರಗತಿಯಲ್ಲಿ ಇಷ್ಟಪಟ್ಟು ಹೇಳುತ್ತೇನೆ. ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ತನ್ನ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ನೋಡಿದ; ಮರುವರ್ಷ ಪೇಟೆಂಟ್ ಪಡೆದ. ಒಂದು ಮಗುವಿನ ದಾರಿ ಹಗುರಾಗಲೆಂದು ಹುಟ್ಟಿದ ವಸ್ತು. ಅದೇ ವಸ್ತು ನನ್ನ ನಗುವಿನ ಜೊತೆ ಸೇರಿ ಇನ್ನೊಂದು ಮಗುವಿನ ದಾರಿಯನ್ನು ಕಿತ್ತಿತ್ತು. ವಸ್ತುವಿನ ತಪ್ಪೇನಿದೆ? ಅದು ಯಾವ ಕಡೆಗೆ ತಿರುಗಿಸಿದರೂ ತಿರುಗುತ್ತದೆ.

"ಮಳೆ ಅಲ್ಲಮ್ಮ," ಎಂದೆ ಕೊನೆಗೆ. "ಭಾನುವಾರ ಜೀಪು ಹತ್ತಿಸಿದ್ದು ನಾವು. ಅಂಚಿನ ಕಲ್ಲು ಕಿತ್ತದ್ದು ಅದೇ. ಕೊನೇ ಸಲ ಹತ್ತಿಸು ಅಂದದ್ದು ನಾನು."

ಆಕೆ ಗಾಬರಿಯಾದಳು. "ಅಯ್ಯೋ, ಬಿಡಿ ಟೀಚರಮ್ಮ. ಹೇಗೂ ಮಳೆಗೆ ಕೊಚ್ಚಿ ಹೋಗ್ತಿತ್ತು" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅಷ್ಟು ಸುಲಭವಾಗಿ ಸಿಕ್ಕ ಕ್ಷಮೆ ನನಗೆ ಹಗುರ ಎನ್ನಿಸಲಿಲ್ಲ. ಕೋಪಿಸಿಕೊಳ್ಳುವ ಅನುಕೂಲ ಅವಳಿಗಿಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಹುಡುಗಿ ಮಾತ್ರ ಒಂದೂ ಮಾತಾಡದೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಕೆಳಗೆ ಬಂದು ಹೇಳಿದಾಗ ತಮ್ಮನ ಮಗನಿಗೆ ಮುಖ ಕೆಂಪಾಯಿತು. "ಅವರಿಗೋಸ್ಕರವೇ ಅಲ್ವಾ ಅತ್ತೆ ನಾನು ಟೈರು ತಂದದ್ದು?" ಎಂದ. "ಹೌದು ಮಗಾ, ಅದು ಸುಳ್ಳಲ್ಲ. ನೀನೊಂದು ಸಲ ನಡೆದುಕೊಂಡು ಹತ್ತಿ ಬಾ" ಎಂದೆ. ಮಾತಾಡದೆ ಹೋದ. ಕತ್ತಲಾದ ಮೇಲೆ ಕಾಲಿನ ಇಂಬಳ ಕಿತ್ತುಕೊಳ್ಳುತ್ತ ಬಂದ. ಆ ಭಾನುವಾರ ಮಳೆ ಸ್ವಲ್ಪ ಬಿಟ್ಟಾಗ ಅದೇ ಜೀಪಿನಲ್ಲಿ ಕಲ್ಲು ಸಾಗಿಸಿದ. ಸಾಲಿಗೆ ಕಲ್ಲು ತುಂಬಿ, ನೀರು ಅಡ್ಡ ಹರಿಯುವಂತೆ ಎರಡು ಕಡೆ ಕಡಿದು, ಅಂಚಿನ ಮೆಟ್ಟಿಲು ಮತ್ತೆ ಹಾಕಿದರು. ಕಲ್ಲು ಹೂತವರು ಕೂಲಿಗೆ ಬಂದ ಲೈನ್ ಮನೆಯವರೇ. ತಮ್ಮ ದಾರಿಯನ್ನು ತಾವೇ ಎರಡನೆಯ ಸಲ ಕಟ್ಟಿಕೊಂಡರು. ಇದೂ ಲೆಕ್ಕದಲ್ಲಿರಲಿ.

ಟೈರನ್ನು ತೆಗೆಸಲಿಲ್ಲ. ತೆಗೆಸಬೇಕೆಂದು ನನಗೂ ಅನ್ನಿಸುವುದಿಲ್ಲ. ಇನ್ನೊಂದು ರಾತ್ರಿ ಯಾರಿಗಾದರೂ ಬೇಕಾಗುತ್ತದೆ. ಆದರೆ ಈಗ ಮೇಲೆ ಹತ್ತಿಸುವ ಮೊದಲು ಹುಡುಗ ಒಮ್ಮೆ ಇಳಿದು, ಅಂಚು ಯಾರದ್ದೆಂದು ನೋಡಿಕೊಂಡು ಹತ್ತುತ್ತಾನೆ.

ಹುಡುಗಿ ಮರುವಾರ ಕುಂಟುತ್ತ ಶಾಲೆಗೆ ಬಂದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಆರು ದಿನದ ಗೈರುಹಾಜರಿ ಸಾಲಾಗಿದೆ. ಕಾರಣ ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ. ಆರು ಗುರುತುಗಳೂ ನನ್ನ ಕೈಬರಹದಲ್ಲೇ ಇವೆ.