ಮೆಕೆಂಜಿಯ ಚೌಕಳಿ

ಕಳೆದ ವರ್ಷ ಕ್ಷೇತ್ರಕಾರ್ಯಕ್ಕೆಂದು ಹೋಗಿದ್ದ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ದೇವರ ಕೋಣೆಯಿಂದ ಕೆಂಪು ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು. ಒಳಗಿದ್ದದ್ದು ಅವರ ಮನೆತನದ ವಂಶಾವಳಿ. "ವಿಜಯನಗರದ ರಾಯರ ಕಾಲದ್ದು, ಕೈ ತೊಳ್ಕೊಂಡು ಮುಟ್ಟಿ" ಎಂದರು. ತೊಳೆದುಕೊಂಡೇ ಮುಟ್ಟಿದೆ. ಕಾಗದ ಗಿರಣಿಯದು, ಗೆರೆ ಹಾಕಿದ್ದು. ರಾಯರು ಉಂಬಳಿ ಕೊಟ್ಟ ಸಾಲಿನಲ್ಲೇ 'ಡಿಸ್ಟ್ರಿಕ್ಟು' ಎಂಬ ಪದವಿತ್ತು. ಹಳೆಯದನ್ನು ನಕಲು ಮಾಡುವಾಗ ಸೇರಿಕೊಂಡಿರಬಹುದೇ ಎಂದು ಮತ್ತೆ ಮತ್ತೆ ಓದಿದೆ. ಉಳಿದ ಭಾಷೆಯೂ ನೂರು ವರ್ಷದ ಆಚೆಗೆ ಹೋಗುವಂತಿರಲಿಲ್ಲ. "ಎಷ್ಟು ಹಳೇದು ಅಂತೀರಿ?" ಎಂದು ಅವರು ಕೇಳಿದಾಗ "ಇನ್ನೂ ನೋಡಬೇಕು" ಎಂದು ಜಾರಿಕೊಂಡು ಬಸ್ಸು ಹತ್ತಿದೆ.

ಒಂದು ಮನೆತನ ತನ್ನದೆಂದು ಕಾಪಾಡಿಕೊಂಡು ಬಂದ ಗುರುತು ಅವರು ತಿಳಿದಷ್ಟು ಹಳೆಯದಲ್ಲ ಎಂದು ಗೊತ್ತಾದಾಗ ಏನು ಮಾಡಬೇಕು? ಹೇಳುವುದು ಪ್ರಾಮಾಣಿಕತೆಯೋ, ಕ್ರೌರ್ಯವೋ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಹೋಗಿ ತಲುಪಿದ್ದು ಸ್ಕಾಟ್ಲೆಂಡಿಗೆ. ಅಂದರೆ ಪುಸ್ತಕಗಳಲ್ಲಿ. ಅದಕ್ಕೆ ನನ್ನ ಪಿಎಚ್.ಡಿ. ವಿಷಯವೇ ಕಾರಣ. ಕೈಫಿಯತ್ತುಗಳನ್ನು ಓದುವವರಿಗೆ ಕರ್ನಲ್ ಕಾಲಿನ್ ಮೆಕೆಂಜಿ ದಿನವೂ ಎದುರಾಗುವ ಹೆಸರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದವನು, ಊರೂರಿನ ಶಾನುಭೋಗರಿಂದ, ಮಠ-ಮನೆತನಗಳವರಿಂದ ಅವರವರ ಚರಿತ್ರೆಯನ್ನು ಬರೆಸಿ ಒಟ್ಟುಮಾಡಿದವನು. ಹುಟ್ಟಿದ್ದು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೇಯಲ್ಲಿ. ನಮ್ಮ ವಂಶಾವಳಿಗಳನ್ನು ಕೇಳಿದ ಈತನ ವಂಶದ ಗುರುತೇನು ಎಂದು ಹುಡುಕಿದಾಗ ಸಿಕ್ಕಿದ್ದು ಮೆಕೆಂಜಿ ಕುಲದ ಟಾರ್ಟನ್: ನೀಲಿ, ಹಸಿರು, ಕಪ್ಪು ಚೌಕಗಳ ನಡುವೆ ಹಾದುಹೋಗುವ ಬಿಳಿ ಮತ್ತು ಕೆಂಪು ಗೆರೆ.

ಟಾರ್ಟನ್ ಎಂದರೆ ಚೌಕಳಿ ಬಟ್ಟೆ. ಸಾಮಾನ್ಯವಾಗಿ ಹಾಸಿನಲ್ಲಿ ಬಣ್ಣದ ಎಳೆಗಳ ಲೆಕ್ಕ ಯಾವುದೋ ಹೊಕ್ಕಿನಲ್ಲೂ ಅದೇ. ಇಂದು ಪ್ರತಿಯೊಂದು ಸ್ಕಾಟಿಷ್ ಕುಲಕ್ಕೂ ತನ್ನದೇ ಟಾರ್ಟನ್ ಇದೆ, ಅದು ತಲೆತಲಾಂತರದಿಂದ ಬಂದದ್ದು ಎಂಬುದು ಲೋಕದ ನಂಬಿಕೆ.

ಬಟ್ಟೆಯೇನೋ ನಿಜಕ್ಕೂ ಹಳೆಯದು. ಫಾಲ್‌ಕರ್ಕ್‌ನಲ್ಲಿ ರೋಮನ್ ನಾಣ್ಯಗಳ ಮಡಕೆಯ ಜೊತೆ ಸಿಕ್ಕ ಚೌಕಳಿ ತುಂಡು 3ನೆಯ ಶತಮಾನದ್ದು. ಆದರೆ ಬಟ್ಟೆಗೂ ಕುಲಕ್ಕೂ ಇರುವ ನಂಟು ಹಾಗಲ್ಲ. ಸ್ಕೈ ದ್ವೀಪದ ಮಾರ್ಟಿನ್ ಮಾರ್ಟಿನ್ 1703ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಚೌಕಳಿ ನೋಡಿ ಮನುಷ್ಯನ ಊರನ್ನು ಊಹಿಸಬಹುದು ಎನ್ನುತ್ತಾನೆ. ಊರನ್ನು, ಕುಲವನ್ನಲ್ಲ. ಆಯಾ ಊರಿನ ನೇಕಾರರ ಕೈ, ಆಯಾ ನೆಲದ ಬಣ್ಣದ ಗಿಡ ಎಂದುಕೊಂಡರೆ ಇದು ಸಹಜವೇ. 1746ರ ಕಲೋಡನ್ ಕದನವನ್ನು ಡೇವಿಡ್ ಮೋರಿಯೆ ಚಿತ್ರಿಸಿದ್ದಾನೆ. ಅದರಲ್ಲಿ ಹೈಲ್ಯಾಂಡಿನ ಯೋಧರು ಒಬ್ಬೊಬ್ಬರು ಒಂದೊಂದು ಚೌಕಳಿ ತೊಟ್ಟಿದ್ದಾರೆ. ಒಬ್ಬನ ಮೈಮೇಲೇ ಎರಡು ಮೂರು ಬಗೆಯಿವೆ. ಆ ದಂಗೆಯಲ್ಲಿ ತಮ್ಮವರನ್ನು ಗುರುತಿಸುತ್ತಿದ್ದದ್ದು ಟೋಪಿಗೆ ಸಿಕ್ಕಿಸಿದ ಬಿಳಿ ಪಟ್ಟಿಯಿಂದ.

ಕಲೋಡನ್ನಿನ ಸೋಲಿನ ನಂತರ ಬ್ರಿಟಿಷ್ ಸರ್ಕಾರ ಸ್ಕಾಟ್ಲೆಂಡಿನ ಗಂಡಸರು ಮತ್ತು ಹುಡುಗರು ಹೈಲ್ಯಾಂಡಿನ ಉಡುಪು ತೊಡುವುದನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಸೆರೆ, ಎರಡನೆಯ ಸಲಕ್ಕೆ ಏಳು ವರ್ಷದ ಗಡೀಪಾರು. ನಿಷೇಧ ತೆರವಾದದ್ದು 1782ರಲ್ಲಿ. 1754ರ ಸುಮಾರಿಗೆ ಹುಟ್ಟಿ 1783ರಲ್ಲಿ ಮದರಾಸಿಗೆ ಬಂದಿಳಿದ ನಮ್ಮ ಕಾಲಿನ್ ಮೆಕೆಂಜಿಯ ಬಾಲ್ಯ, ಯೌವನ ಎರಡೂ ಈ ನಿಷೇಧದೊಳಗೇ ಕಳೆದವು.

ನಿಷೇಧಕ್ಕೆ ಒಂದು ವಿನಾಯಿತಿಯಿತ್ತು: ಸೈನ್ಯ. ಮೆಕೆಂಜಿ ಟಾರ್ಟನ್ನಿನ ಮೂಲ ಸಿಗುವುದೂ ಅಲ್ಲೇ. 1778ರಲ್ಲಿ ಮೆಕೆಂಜಿ ಕುಲದ ಒಡೆಯ, ಸೀಫೋರ್ತಿನ ಅರ್ಲ್, ದೊರೆಗಾಗಿ ಕಟ್ಟಿದ ಪಡೆಯ ಸಮವಸ್ತ್ರ ಅದು. ಸರ್ಕಾರಿ ಸೈನ್ಯದ ಕಡುಹಸಿರು ಚೌಕಳಿಗೆ ಬಿಳಿ, ಕೆಂಪು ಗೆರೆ ಎಳೆದರೆ ಮೆಕೆಂಜಿ ಟಾರ್ಟನ್. ಅದನ್ನು ತೊಟ್ಟವರೆಲ್ಲ ಮೆಕೆಂಜಿಗಳೂ ಅಲ್ಲ, ಮೆಕ್‌ರೇ ಕುಲದವರು ಬಹಳ ಮಂದಿ. ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಲಾಗಿದೆ ಎಂಬ ಸುದ್ದಿ ಕೇಳಿ, ಬಾಕಿ ಸಂಬಳವನ್ನೂ ಕೇಳುತ್ತ, ಅವರು ಅದೇ ವರ್ಷ ಎಡಿನ್‌ಬರೋದ ಆರ್ಥರ್ಸ್ ಸೀಟ್ ಗುಡ್ಡ ಹತ್ತಿ ಕೂತು ದಂಗೆಯೆದ್ದರು. ಮಾತುಕತೆಯಾಗಿ ಇಳಿದು ಬಂದರು. 1781ರಲ್ಲಿ ಹಡಗು ಹೊರಟದ್ದು ಮಾತ್ರ ಇಂಡಿಯಾಕ್ಕೇ. ದಾರಿಯಲ್ಲಿ ಅರ್ಲ್ ಸತ್ತ, ಸೈನಿಕರು ಸ್ಕರ್ವಿಯಿಂದ ಸಾಲುಸಾಲಾಗಿ ಸತ್ತರು. ಉಳಿದ ಆ ಪಡೆ 1791ರಲ್ಲಿ ಬೆಂಗಳೂರು ಕೋಟೆಯ ಮುತ್ತಿಗೆಯಲ್ಲಿತ್ತು, ಆಮೇಲೆ ಸಾವನದುರ್ಗದಲ್ಲಿ. ಕುಲದ ಗುರುತು ಎನ್ನುವ ಆ ಗೆರೆಗಳ ಹಿಂದೆ ಬೇರೆ ಕುಲದವರ ಬಾಕಿ ಸಂಬಳವೂ ಇದೆ.

ಇನ್ನು ಉಳಿದ ಕುಲಗಳ ಕಥೆ. 1815ರಲ್ಲಿ ಹೈಲ್ಯಾಂಡ್ ಸೊಸೈಟಿ ಆಫ್ ಲಂಡನ್ ಕುಲದ ಒಡೆಯರಿಗೆಲ್ಲ ಪತ್ರ ಬರೆದು ನಿಮ್ಮ ನಿಮ್ಮ ಟಾರ್ಟನ್ನಿನ ಮಾದರಿ ಕಳಿಸಿ ಎಂದಿತು. ಹಲವರಿಗೆ ತಮ್ಮದು ಯಾವುದೆಂದೇ ಗೊತ್ತಿರಲಿಲ್ಲ. ರಾಬರ್ಟ್‌ಸನ್ ಕುಲದ ಒಡೆಯ ಊರಿನ ಮುದುಕರನ್ನು ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳಿದರಂತೆ. ಆದರೂ ಕೇಳಿದ ಮೇಲೆ ಕೊಡಬೇಕಲ್ಲ, ಮಾದರಿಗಳು ಬಂದವು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ಅದೇ 1815ರಲ್ಲಿ ಕಾಲಿನ್ ಮೆಕೆಂಜಿ ಭಾರತದ ಸರ್ವೇಯರ್ ಜನರಲ್ ಆದ. ಅಷ್ಟರಲ್ಲಾಗಲೇ ಅವನ ಸಹಾಯಕರು ನಮ್ಮ ಊರುಗಳಲ್ಲಿ "ನಿಮ್ಮ ಪೂರ್ವೋತ್ತರ ಏನು?" ಎಂದು ಕೇಳಿ ಬರೆಸಿಕೊಂಡಾಗಿತ್ತು. ಎರಡೂ ಕಡೆ ಪ್ರಶ್ನೆ ಒಂದೇ. ಅಧಿಕಾರವಿರುವವರು ನಿನ್ನ ಹಳೆಯದನ್ನು ತೋರಿಸು ಎಂದಾಗ ನನ್ನಲ್ಲಿಲ್ಲ ಎನ್ನುವುದು ಯಾರಿಗೂ ಸುಲಭವಲ್ಲ. ಕೆಲವರು ಇದ್ದದ್ದನ್ನು ಕೊಡುತ್ತಾರೆ, ಕೆಲವರು ಇರಬೇಕಾಗಿದ್ದದ್ದನ್ನು.

ಸ್ಕಾಟ್ಲೆಂಡಿನಲ್ಲಿ ಇರಬೇಕಾಗಿದ್ದದ್ದನ್ನು ಒದಗಿಸಲು ಅಂಗಡಿಯೂ ಇತ್ತು. ಬ್ಯಾನಕ್‌ಬರ್ನಿನ ವಿಲ್ಸನ್ ನೇಯ್ಗೆ ಸಂಸ್ಥೆಯ 1819ರ ಮಾದರಿ ಪುಸ್ತಕದಲ್ಲಿ ಎಷ್ಟೋ ಚೌಕಳಿಗಳಿಗೆ ಬರೀ ಸಂಖ್ಯೆಯಿದೆ. ಅವುಗಳಲ್ಲಿ ಕೆಲವು ಮುಂದೆ ಕುಲಗಳ ಹೆಸರು ಪಡೆದವು. ಇಂದಿನ ಮೆಕ್‌ಫರ್ಸನ್ ಟಾರ್ಟನ್ ಮೊದಲು 'ಕಿಡ್' ಎಂಬ ಹೆಸರಿನಲ್ಲಿತ್ತು. ಕಿಡ್ ಎಂಬಾತ ವೆಸ್ಟ್ ಇಂಡೀಸಿನ ತನ್ನ ಗುಲಾಮರಿಗೆ ತೊಡಿಸಲು ಅದನ್ನು ಸಗಟಾಗಿ ಕೊಂಡಿದ್ದ ಎಂದು ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಬರೆಯುತ್ತಾನೆ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ವಾಲ್ಟರ್ ಸ್ಕಾಟ್ ನಗರವನ್ನೆಲ್ಲ ಟಾರ್ಟನ್ನಿನಲ್ಲಿ ಸಿಂಗರಿಸಿದ. 1842ರಲ್ಲಿ ಸೋಬಿಯೆಸ್ಕಿ ಸ್ಟೂವರ್ಟ್ ಎಂದು ಕರೆದುಕೊಂಡ ಅಣ್ಣತಮ್ಮಂದಿರು, ಶತಮಾನಗಳ ಹಿಂದಿನ ಹಸ್ತಪ್ರತಿ ಸಿಕ್ಕಿದೆ ಎಂದು ಹೇಳಿ 'ವೆಸ್ಟಿಯೇರಿಯಂ ಸ್ಕಾಟಿಕಂ' ಎಂಬ ಪುಸ್ತಕ ತಂದರು. ಅದು ಕಟ್ಟುಕಥೆ. ಅದರಲ್ಲಿನ ಹಲವು ಟಾರ್ಟನ್‌ಗಳನ್ನು ಇಂದಿಗೂ ಮದುವೆಗಳಲ್ಲಿ ಉಡುತ್ತಾರೆ.

ಇಲ್ಲಿಗೆ ಬಂದಾಗ ಎರಡು ಸುಲಭದ ತೀರ್ಮಾನಗಳು ಕಾದಿರುತ್ತವೆ. ಎಲ್ಲ ಸುಳ್ಳು, ಬಯಲಿಗೆಳೆಯೋಣ ಎಂಬುದು ಒಂದು. ಎಲ್ಲ ಪರಂಪರೆಯೂ ಯಾರೋ ಒಂದು ದಿನ ಶುರುಮಾಡಿದ್ದೇ ತಾನೆ, ಬಿಡೋಣ ಎಂಬುದು ಇನ್ನೊಂದು. ಮೊದಲನೆಯದು ನನಗೆ ಒಗ್ಗುವುದಿಲ್ಲ. ತನ್ನ ಅಪ್ಪನ ಚೌಕಳಿ ಹೊದ್ದು ಅವನ ಮಣ್ಣಿಗೆ ಹೋಗುವ ಮಗಳಿಗೆ ಆ ಬಟ್ಟೆ 1842ರದ್ದು ಎಂದರೆ ಅವಳ ದುಃಖವೇನೂ ಸುಳ್ಳಾಗುವುದಿಲ್ಲ. ಆರು ತಲೆಮಾರು ಉಟ್ಟದ್ದು ಆರು ತಲೆಮಾರಿನಷ್ಟು ಹಳೆಯದಾಗಿರುತ್ತದೆ. ಅದು ಕಡಿಮೆಯಲ್ಲ.

ಆದರೆ ಎರಡನೆಯದನ್ನೂ ಒಪ್ಪಲಾರೆ. ಒಡೆಯರು ತಮ್ಮ ಟಾರ್ಟನ್ ಯಾವುದೆಂದು ಹುಡುಕುತ್ತಿದ್ದ ಕಾಲದಲ್ಲೇ ಹೈಲ್ಯಾಂಡಿನ ಒಕ್ಕಲುಗಳನ್ನು ಕುರಿ ಸಾಕಣೆಗಾಗಿ ಎಬ್ಬಿಸಲಾಗುತ್ತಿತ್ತು. 1814ರಲ್ಲಿ ಸದರ್ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಜನರನ್ನು ಹೊರಹಾಕಿ ಮನೆಗಳಿಗೆ ಬೆಂಕಿ ಹಚ್ಚಲಾಯಿತು. ಕುಲ ಎಂಬ ಬಾಳು ಮುರಿಯುತ್ತಿದ್ದಾಗ ಕುಲ ಎಂಬ ಬಟ್ಟೆ ಮೆರೆಯಿತು. ಕುಲದ ಬಟ್ಟೆ ಅನಾದಿಯಿಂದ ಬಂದದ್ದು ಎಂದುಬಿಟ್ಟರೆ ಕಿಡ್‌ನ ಗುಲಾಮರು, ಗುಡ್ಡ ಹತ್ತಿದ ಮೆಕ್‌ರೇಗಳು, ಸ್ಟ್ರಾತ್‌ನೇವರಿನ ಒಕ್ಕಲುಗಳು ಮೂವರೂ ಅದರ ನೇಯ್ಗೆಯಿಂದ ಕಳಚಿಹೋಗುತ್ತಾರೆ. ಪರಂಪರೆಯ ಬಗ್ಗೆ ಕೇಳಬೇಕಾದದ್ದು ಎಷ್ಟು ಹಳೆಯದು ಎಂದಲ್ಲ. ಯಾರು ಕೇಳಿದರು, ಯಾರು ಉತ್ತರಿಸಿದರು, ಹಾಗೆ ಉತ್ತರಿಸುವಾಗ ಯಾರನ್ನು ಬಿಟ್ಟರು ಎಂದು.

2008ರ ಕಾನೂನಿನಂತೆ ಸ್ಕಾಟ್ಲೆಂಡಿನಲ್ಲಿ ಈಗ ಟಾರ್ಟನ್‌ಗಳ ಅಧಿಕೃತ ದಾಖಲೆ ಪುಸ್ತಕವಿದೆ. ಹೊಸದನ್ನು ಯಾರು ಬೇಕಾದರೂ ರೂಪಿಸಿ ನೋಂದಾಯಿಸಬಹುದು. ಎಳೆಗಳ ಲೆಕ್ಕದ ಜೊತೆಗೆ ದಿನಾಂಕ, ಗೊತ್ತಿದ್ದಲ್ಲಿ ರೂಪಿಸಿದವರ ಹೆಸರೂ ಇರುತ್ತದೆ. ಹುಟ್ಟಿದ ದಿನ ಬರೆದಿಟ್ಟ ಮಾತ್ರಕ್ಕೆ ಯಾವ ಟಾರ್ಟನ್ನಿನ ಬಣ್ಣವೂ ಮಾಸಿಲ್ಲ.

ಮೊನ್ನೆ ಅದೇ ಹಳ್ಳಿಗೆ ಮತ್ತೆ ಹೋದೆ. ಗಿರಣಿ ಕಾಗದ, 'ಡಿಸ್ಟ್ರಿಕ್ಟು', ಭಾಷೆ, ಎಲ್ಲವನ್ನೂ ಹೇಳಿದೆ. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಸಿಟ್ಟಾದರೆಂದೇ ಅಂದುಕೊಂಡೆ. ಆಮೇಲೆ ಪುಸ್ತಕ ಬಿಚ್ಚಿ, ಕನ್ನಡಕ ಏರಿಸಿ, ಅಕ್ಷರಗಳನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಹಂಗಾದ್ರೆ ಇದು ನಮ್ಮಜ್ಜನ ಕೈಬರಹ ಇರಬೋದು. ಅವರಿಗೆ ಯಾಕೆ ಬೇಕಾಗಿತ್ತು ಇದು ಆವಾಗ?" ಎಂದರು.

ನಾನು ಪೆನ್ನು ತೆಗೆದೆ. ಅವರು ಅಜ್ಜನ ಬಗ್ಗೆ ಹೇಳತೊಡಗಿದರು: ಒಂದು ಜಮೀನು, ಒಂದು ಕೋರ್ಟು, ಮನೆ ಬಿಟ್ಟು ಹೋದ ತಮ್ಮನೊಬ್ಬ. ಆ ತಮ್ಮನ ಹೆಸರು ವಂಶಾವಳಿಯಲ್ಲಿರಲಿಲ್ಲ.