ಬೆಂಕಿಗೆ ಮೊದಲೇ ಕೊಡುವ ಹಣ



ತಪಸ್ಸುಕಾಲ ಬಂತೆಂದರೆ ಮಲ್ಲಂದೂರು ಕಡೆಯ ತೋಟದವರಿಗೆ ಒಂದು ಕಣ್ಣು ಹೂಮಳೆಯ ಮೇಲೆ, ಇನ್ನೊಂದು ಕಣ್ಣು ಮುತ್ತೋಡಿ ಕಾಡಿನ ಹೊಗೆಯ ಮೇಲೆ. ತರಗೆಲೆ ಒಣಗಿ ನಿಂತಾಗ ಒಂದು ಬೀಡಿ ತುಂಡು ಸಾಕು. 101ಕ್ಕೆ ಫೋನ್ ಮಾಡಿದರೂ ಅಗ್ನಿಶಾಮಕ ವಾಹನ ಚಿಕ್ಕಮಗಳೂರಿನಿಂದ ತಿರುವುಗಳನ್ನು ದಾಟಿ ಬರಬೇಕು; ರಸ್ತೆ ಮುಗಿದಲ್ಲಿ ಅದೂ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವವರು ಅರಣ್ಯ ಇಲಾಖೆಯ ಬೇಸಿಗೆ ಕಾವಲುಗಾರರು, ಲೈನ್ ಮನೆಗಳ ಕೂಲಿಯವರು.

"ನಮಗೆ ತಲುಪದ ವಾಹನಕ್ಕೆ ನಾವೇಕೆ ತೆರಿಗೆ ಕೊಡಬೇಕು?" ಎಂಬ ಮಾತನ್ನು ನೀವೂ ಕೇಳಿರಬಹುದು, ಆಡಿಯೂ ಇರಬಹುದು. ಅದರಲ್ಲಿ ನ್ಯಾಯವಿಲ್ಲವೆನ್ನಲಾರೆ. ಆದರೆ ಆ ಮಾತನ್ನು ಕೊನೆಯವರೆಗೆ ಎಳೆದು ನೋಡಿ. ಪ್ರಾಚೀನ ರೋಮಿನಲ್ಲಿ ಕ್ರಾಸಸ್ ಎಂಬ ಧನಿಕನು ಹೊತ್ತಿ ಉರಿಯುತ್ತಿದ್ದ ಮನೆಗಳನ್ನೂ, ಹೆದರಿದ ನೆರೆಯವರ ಮನೆಗಳನ್ನೂ ಅಗ್ಗಕ್ಕೆ ಕೊಳ್ಳುತ್ತಿದ್ದನೆಂದು ಪ್ಲುಟಾರ್ಕನು ಬರೆದಿದ್ದಾನೆ. ಉರಿಯುವ ಮನೆಯ ಮುಂದೆ ಚೌಕಾಶಿ! ಅಂಥದ್ದು ನಡೆಯಬಾರದೆಂದಾದರೆ ಖರ್ಚನ್ನು ಎಲ್ಲರೂ ಮೊದಲೇ ಹಂಚಿಕೊಳ್ಳದೆ ಬೇರೆ ದಾರಿಯಿಲ್ಲ. ನಮ್ಮ ರಾಜ್ಯದ ಅಗ್ನಿಶಾಮಕ ದಳ 1964ರ ಕಾಯಿದೆಯಂತೆ ಸರ್ಕಾರದ ಹಣದಿಂದ ನಡೆಯುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆಗೆ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿತು. ಅದರಲ್ಲಿ ನಮ್ಮ ಬೆಟ್ಟದೂರುಗಳಿಗೂ ಪಾಲು ಬೇಕೆಂದು ಕೇಳುವುದು ನಮ್ಮ ಹಕ್ಕು. ಕೊಡುವುದೇ ಇಲ್ಲ ಎನ್ನುವುದು ಬೇರೆ ಮಾತು.

ಸದಯ ಸಮಾರಿತನ ಸಾಮತಿಯಲ್ಲಿ ನಮಗೆ ಎಣ್ಣೆ, ದ್ರಾಕ್ಷಾರಸ, ವಾಹನದ ಪಶು ಎಲ್ಲವೂ ನೆನಪಿರುತ್ತವೆ. ಎರಡು ನಾಣ್ಯಗಳು ಮಾತ್ರ ಮರೆತುಹೋಗುತ್ತವೆ. ಆತ ಛತ್ರದವನಿಗೆ ಮುಂಗಡ ಕೊಟ್ಟ, ಹೆಚ್ಚಾದರೆ ಮರಳಿ ಬಂದಾಗ ತೀರಿಸುವೆನೆಂದ. ಗಾಯಾಳು ಯಾರ ಕಡೆಯವನೆಂದು ವಿಚಾರಿಸಲಿಲ್ಲ. ಪ್ರಭು ಯೇಸು ನೆರೆಯವನೆಂದು ತೋರಿಸಿದ್ದು ಈ ಲೆಕ್ಕ ಇಟ್ಟವನನ್ನೇ.

ಹಣಕ್ಕಿಂತ ದೊಡ್ಡ ಲೆಕ್ಕವೂ ಇದೆ. ಏಪ್ರಿಲ್ 14ನ್ನು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು 1944ರ ಅದೇ ದಿನ ಮುಂಬಯಿ ಬಂದರಿನಲ್ಲಿ ಸ್ಫೋಟಕ ತುಂಬಿದ ಹಡಗು ಸಿಡಿದಾಗ ಮಡಿದ ಅಗ್ನಿಶಾಮಕರ ನೆನಪಿಗೆ. ಅವರ ಸಂಖ್ಯೆ ಅರವತ್ತಕ್ಕೂ ಹೆಚ್ಚು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚನ್ನು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಬೆಂಕಿಗೆ ಸಿಕ್ಕಿ ತೀರಿಕೊಂಡರು. ಆ ಕಾಡಿನಲ್ಲಿ ಅವರಿಗೆ ಒಂದು ಗೇಣು ಜಾಗವೂ ಸ್ವಂತದ್ದಾಗಿರಲಿಲ್ಲ.

ತೋಟ ಇರುವ ಓದುಗರೇ, ಒಂದು ಪ್ರಶ್ನೆ. ಕಳೆದ ಬೇಸಿಗೆಯಲ್ಲಿ ನಿಮ್ಮ ಬೇಲಿಯಂಚಿನ ಬೆಂಕಿಯನ್ನು ರಾತ್ರಿಯೆಲ್ಲ ಬಡಿದವರು ಬೆಳಿಗ್ಗೆ ಕೆಲಸಕ್ಕೆ ಬರಲಾಗದೆ ಮಲಗಿದ್ದರಲ್ಲ, ಆ ದಿನ ಚೆಕ್‌ರೋಲಿನಲ್ಲಿ ಅವರ ಹೆಸರಿನ ಮುಂದೆ ಹಾಜರಿ ಬಿದ್ದಿತ್ತೇ?